ಸೈಗಾನ್‌ನಲ್ಲಿ ಮೊದಲ ನಾಲ್ಕು ದಿನ: ಯಾವ ಹೊತ್ತಿಗೆ ಏನು ತಿನ್ನೋದು

"ಆಫೀಸು ಸೇರುವ ಮುಂಚೆ ನಾಲ್ಕು ದಿನ ಬಿಡುವಿದೆ. ವಿಯೆಟ್ನಾಮಿನ ಹೋ ಚಿ ಮಿನ್ ಸಿಟಿಯ ಊಟ ತಿಂಡಿ ಸರಿಯಾಗಿ ನೋಡಬೇಕು ಅಂತ ಆಸೆ. ನಾನು ದನದ ಮಾಂಸ ಬಿಟ್ಟು ಎಲ್ಲ ತಿನ್ನುತ್ತೇನೆ. ನನ್ನ ಹೆಂಡತಿ ಮೊಟ್ಟೆ ತಿನ್ನುತ್ತಾಳೆ, ಮೀನು ಮಾಂಸ ಮುಟ್ಟುವುದಿಲ್ಲ. ಎಲ್ಲಿಗೆ ಹೋಗೋದು? ವೀಸಾ, ಮನೆ, ಶಾಲೆ ಬಗ್ಗೆಯೂ ಹೇಳಿ" ಅಂತ ಶಿವಮೊಗ್ಗದಿಂದ ಕೇಳಿದ್ದೀರಿ.

ವೀಸಾ, ವರ್ಕ್ ಪರ್ಮಿಟ್ ಎಲ್ಲ ಕಂಪನಿಯವರು ನೋಡಿಕೊಳ್ಳುತ್ತಾರೆ. ಡಿಗ್ರಿ ಸರ್ಟಿಫಿಕೇಟಿನ ದೃಢೀಕರಣ ಮಾತ್ರ ಅಲ್ಲೇ ಮುಗಿಸಿಕೊಂಡು ಬನ್ನಿ. ಕಣ್ಣಾರೆ ನೋಡದೆ ಯಾವ ಮನೆಗೂ ಅಡ್ವಾನ್ಸ್ ಕೊಡಬೇಡಿ. ಶಾಲೆ ವಿಷಯ ದೊಡ್ಡದು, ಬಂದ ಮೇಲೆ ಮಾತಾಡೋಣ. ಊಟದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿ ನೆಲೆ ನಿಲ್ಲುವುದು ಅದರಿಂದಲೇ.

ನಾನು ಚಿಕ್ಕಮಗಳೂರಿನವಳು. 2014ರಲ್ಲಿ ಯಜಮಾನರ ಕೆಲಸಕ್ಕಾಗಿ ಇಲ್ಲಿಗೆ ಬಂದೆವು. ಊರಿನ ಹೆಸರು 1976ರಲ್ಲೇ ಹೋ ಚಿ ಮಿನ್ ಸಿಟಿ ಅಂತ ಬದಲಾಗಿದ್ದರೂ ಜನ ಸೈಗಾನ್ ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಹೇಳುತ್ತೇನೆ. ಬಂದ ಹೊಸದರಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಹಸಿವಾಗಿ ಓಣಿಗೆ ಇಳಿದರೆ ಒಂದು ಅಂಗಡಿಯಲ್ಲೂ ಒಲೆ ಉರಿಯುತ್ತಿರಲಿಲ್ಲ. ಬೆಳಿಗ್ಗೆ ಜನ ಮುಗಿಬಿದ್ದಿದ್ದ ಜಾಗದಲ್ಲಿ ಮಡಚಿಟ್ಟ ಪ್ಲಾಸ್ಟಿಕ್ ಸ್ಟೂಲುಗಳು ಮಾತ್ರ. ಮನೆಗೆ ಬಂದು ಬಾಳೆಹಣ್ಣು ತಿಂದು ಮಲಗಿದ್ದು ಇನ್ನೂ ನೆನಪಿದೆ.

ಇಲ್ಲಿ ಒಂದು ಅಂಗಡಿ ಅಂದರೆ ಒಂದೇ ತಿಂಡಿ, ಅದಕ್ಕೆ ಒಂದು ಹೊತ್ತು. ಮುಂಜಾನೆ ಆರಕ್ಕೆ ಶುರುವಾದ ಗಾಡಿ ಒಂಬತ್ತಕ್ಕೆ ಮುಚ್ಚಬಹುದು. ಸಂಜೆ ಅದೇ ಜಾಗದಲ್ಲಿ ಬೇರೆಯವರು ಬೇರೆ ಏನೋ ಕರಿಯುತ್ತಿರುತ್ತಾರೆ. ಮಧ್ಯಾಹ್ನದ ಊಟ ಹನ್ನೊಂದೂವರೆಗೇ. ಆಮೇಲೆ ಆಫೀಸಿನಲ್ಲೂ ದೀಪ ಆರಿಸಿ ಒಂದು ನಿದ್ದೆ ತೆಗೆಯುತ್ತಾರೆ. ರಾತ್ರಿ ಊಟ ಆರು, ಏಳಕ್ಕೆಲ್ಲ. 2023ರಿಂದ ಒಳ್ಳೆಯ ಹೋಟೆಲು, ಅಂಗಡಿಗಳನ್ನು ಆರಿಸಿ ಹೇಳುವ ಮಿಶೆಲಿನ್ ಪಟ್ಟಿಯೂ ಇದೆ, ಅದನ್ನು ಹಿಡಿದು ಓಡಾಡುವವರೂ ಇದ್ದಾರೆ. ನಾನು ಹೇಳುವುದು ಗಡಿಯಾರ ಹಿಡಿದು ತಿನ್ನಿ ಅಂತ.

ಇನ್ನು ನಿಮ್ಮ ಮನೆಯವರ ವಿಷಯ. ಇದನ್ನು ಇಬ್ಬರೂ ಕೂತು ಓದಿ. "ಮಾಂಸ ಬೇಡ" ಅಂದರೆ ಇಲ್ಲಿ ಮಾಂಸದ ತುಂಡುಗಳನ್ನು ತೆಗೆದು ಕೊಡುತ್ತಾರೆ, ಅಷ್ಟೇ. ಸಾರು ಹಂದಿ ಮೂಳೆಯದ್ದೇ ಇರುತ್ತದೆ. ಅವರು ಮೋಸ ಮಾಡುತ್ತಿಲ್ಲ, ನೀವು ಕೇಳಿದ್ದನ್ನೇ ಮಾಡಿದ್ದಾರೆ. ಅದಕ್ಕೆ "ಆನ್ ಚಾಯ್" ಅನ್ನಬೇಕು. ನಮ್ಮ ಟೀಗೂ ಇದಕ್ಕೂ ಸಂಬಂಧ ಇಲ್ಲ, ಬೌದ್ಧರ ಸಸ್ಯಾಹಾರಕ್ಕೆ ಚಾಯ್ ಅನ್ನುತ್ತಾರೆ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ತಿನ್ನುವ ಮನೆಗಳಲ್ಲೂ ಎಷ್ಟೋ ಜನ ಚಾಯ್ ಮಾಡುತ್ತಾರೆ. ಹಾಗಾಗಿ ಹುಣ್ಣಿಮೆ ದಿನ ನಿಮಗೆ ಆಯ್ಕೆ ಜಾಸ್ತಿ, ಆದರೆ ಚಾಯ್ ಅಂಗಡಿಗಳಲ್ಲಿ ನೂಕುನುಗ್ಗಲೂ ಜಾಸ್ತಿ. ಕಟ್ಟುನಿಟ್ಟಿನವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ.

ಸಿಕ್ಕಿಹಾಕಿಕೊಳ್ಳುವ ಜಾಗಗಳನ್ನು ಹೇಳಿಬಿಡುತ್ತೇನೆ. ನೂಕ್ ಮಾಮ್ ಅಂದರೆ ಸಣ್ಣ ಮೀನಿಗೆ ಉಪ್ಪು ಹಾಕಿ ತಿಂಗಳುಗಟ್ಟಲೆ ಹುದುಗಿಸಿ ತೆಗೆದ ರಸ. ಫು ಕ್ವೋಕ್ ದ್ವೀಪದ್ದು ಹೆಸರುವಾಸಿ. ಅದು ಎಲ್ಲದರಲ್ಲೂ ಇರುತ್ತದೆ. ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು ನೋಡಲು ನಮ್ಮ ಪಲ್ಯದ ಹಾಗೆ ಕಾಣುತ್ತದೆ, ಆದರೆ ಚಿಪ್ಪುಮೀನಿನ ಆಯ್ಸ್ಟರ್ ಸಾಸ್ ಬಿದ್ದಿರಬಹುದು. ತೋಫು, ಶಾವಿಗೆ ಜೊತೆ ಬರುವ ನೇರಳೆ ಬಣ್ಣದ ಚಟ್ನಿ ಸಿಗಡಿಯದು. ಸೋಯಾ ಸಾಸಿಗೆ ನೂಕ್ ತೂಂಗ್ ಅನ್ನುತ್ತಾರೆ, ಅದನ್ನು ಕೇಳಿ. ಒಂದು ಅನುಕೂಲ ಇದೆ. ಬೋರ್ಡುಗಳೆಲ್ಲ ರೋಮನ್ ಅಕ್ಷರದಲ್ಲೇ ಇರುತ್ತವೆ. ಬೋ ಅಂದರೆ ದನ, ಹೇವ್ ಹಂದಿ, ಗಾ ಕೋಳಿ, ಕಾ ಮೀನು, ತೋಮ್ ಸಿಗಡಿ. ಇಷ್ಟು ಬಂದರೆ ಮೊದಲ ದಿನವೇ ಓದಿಕೊಂಡು ಓಡಾಡಬಹುದು.

ಮೊದಲ ದಿನ ದೂರ ಹೋಗಬೇಡಿ. ಇಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ, ಹೇಗೂ ಬೇಗ ಎದ್ದು ಅಭ್ಯಾಸ ಮಾಡಿಕೊಳ್ಳಬೇಕು. ಬೆಳಿಗ್ಗೆ ನೀವು ಕೊಮ್ ತಾಮ್ ತಿನ್ನಿ. ನುಚ್ಚಕ್ಕಿ ಅನ್ನ, ಕೆಂಡದ ಮೇಲೆ ಸುಟ್ಟ ಹಂದಿ ಮಾಂಸ, ಮೇಲೆ ಈರುಳ್ಳಿ ಸೊಪ್ಪಿನ ಎಣ್ಣೆ. ಒಂದು ಕಾಲಕ್ಕೆ ಬಡವರು ತಿನ್ನುತ್ತಿದ್ದ ನುಚ್ಚು ಈಗ ಈ ಊರಿನ ಹೆಮ್ಮೆ. ನಿಮ್ಮಾಕೆಗೆ ಬಾನ್ ಮಿ ಓಪ್ ಲಾ ಕೊಡಿಸಿ. ಫ್ರೆಂಚರು ಬಿಟ್ಟುಹೋದ ಗರಿಗರಿ ಬ್ರೆಡ್ಡು, ಜೊತೆಗೆ ಒಡೆದು ಹುರಿದ ಮೊಟ್ಟೆ, ಸೌತೆಕಾಯಿ, ಕೊತ್ತಂಬರಿ. ಪಾತೆ ಬೇಡ ಅಂತ ಮೊದಲೇ ಹೇಳಿ, ಅದು ಲಿವರಿನದು. ಮಧ್ಯಾಹ್ನ ಇಬ್ಬರೂ ಕೊಮ್ ಚಾಯ್ ಅಂಗಡಿಗೆ ಹೋಗಿ. ಅನ್ನಕ್ಕೆ ಯಾವ ಪಲ್ಯ ಬೇಕೋ ಬೆರಳು ತೋರಿಸಿದರೆ ಆಯಿತು. ಸಂಜೆ ಬೆನ್ ಥಾನ್ ಮಾರ್ಕೆಟ್ ಹತ್ತಿರದ ಮಾರಿಯಮ್ಮನ ಗುಡಿಗೆ ಹೋಗಿ ಬನ್ನಿ. ಹಿಂದಿನ ಕಾಲದಲ್ಲಿ ಇಲ್ಲಿಗೆ ಬಂದ ತಮಿಳರು ಕಟ್ಟಿದ್ದು. ಇವತ್ತು ಊದುಬತ್ತಿ ಹಿಡಿದು ನಿಲ್ಲುವವರಲ್ಲಿ ವಿಯೆಟ್ನಾಮಿನವರೇ ಜಾಸ್ತಿ. ಬಂದ ಹೊಸದರಲ್ಲಿ ನಾನು ಅಲ್ಲಿ ಕಣ್ಣು ತುಂಬಿಕೊಂಡು ನಿಂತಿದ್ದೆ. ನಿಮ್ಮಾಕೆಗೂ ಹಾಗಾದರೆ ಸ್ವಲ್ಪ ಹೊತ್ತು ಬಿಟ್ಟುಬಿಡಿ.

ಎರಡನೇ ದಿನ ಕಾಫಿಯದು. ಮಲೆನಾಡಿನವಳಾಗಿ ಹೇಳುತ್ತಿದ್ದೇನೆ, ಇಲ್ಲಿನ ಕಾಫಿಯನ್ನು ನಮ್ಮ ಕಾಫಿಯ ಜೊತೆ ತೂಗಬೇಡಿ. ನಮ್ಮದು ನಮ್ಮದೇ, ಆ ಹದ ಇಲ್ಲಿ ಸಿಗುವುದಿಲ್ಲ. ಆದರೆ ಬ್ರೆಜಿಲ್ ಬಿಟ್ಟರೆ ಪ್ರಪಂಚದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಇದು, ರೋಬಸ್ಟಾದಲ್ಲಂತೂ ಇವರೇ ಮೊದಲು. ತಗಡಿನ ಫಿನ್‌ನಲ್ಲಿ ತೊಟ್ಟು ತೊಟ್ಟಾಗಿ ಇಳಿಯುವ ಡಿಕಾಕ್ಷನ್ ನೋಡಿದರೆ ಮನೆ ನೆನಪಾಗುತ್ತದೆ. ಅದಕ್ಕೆ ಮಂದ ಹಾಲು, ಐಸು ಹಾಕಿದರೆ ಕಾ ಫೆ ಸುಅ ದಾ. ಹಾಲು ಜಾಸ್ತಿ ಬೇಕಿದ್ದರೆ ಬಾಕ್ ಸಿಯು. ನ್ಯುಯೆನ್ ಥಿಯೆನ್ ಥುವಾತ್ ರಸ್ತೆಯ 109ನೇ ಓಣಿಯೊಳಗೆ ಚೆಯೊ ಲೆಯೊ ಅಂತ ಒಂದು ಅಂಗಡಿ ಇದೆ. 1938ರಿಂದ ನಡೆಯುತ್ತಿದೆ. ಬಟ್ಟೆಯ ಚೀಲದಲ್ಲಿ ಸೋಸಿ ಕೊಡುತ್ತಾರೆ. ಬೆಳಿಗ್ಗೆ ಏಳರೊಳಗೆ ಹೋಗಿ, ವಯಸ್ಸಾದವರು ಕೂತು ಪೇಪರ್ ಓದುವ ಹೊತ್ತದು. ಅಲ್ಲಿಂದ ಸುಮ್ನೆ ಬಾನ್ ಕೊ ಮಾರ್ಕೆಟ್ಟಿನ ಓಣಿಗಳಲ್ಲಿ ನಡೆಯುತ್ತಾ ಹೋದರೆ ತಿಂಡಿಗೆ ಹುಡುಕುವುದೇ ಬೇಡ. ಸಂಜೆ ವೊ ವಾನ್ ತಾನ್ ರಸ್ತೆಯಲ್ಲಿ ಬೋತ್ ಚಿಯೆನ್ ತಿನ್ನಿ. ಅಕ್ಕಿ ಹಿಟ್ಟಿನ ಗಟ್ಟಿ ತುಂಡುಗಳನ್ನು ಮೊಟ್ಟೆ ಜೊತೆ ಹುರಿದು, ಹಸಿ ಪರಂಗಿ ತುರಿ ಹಾಕಿ ಕೊಡುತ್ತಾರೆ. ಹಂದಿ ಕೊಬ್ಬಲ್ಲ, ಎಣ್ಣೆಯಲ್ಲೇ ಹುರಿಯುವುದಾ ಅಂತ ಕೇಳಿಕೊಂಡು ನಿಮ್ಮಾಕೆಗೆ ಕೊಡಿಸಿ.

ಓಣಿಯ ಮಾತು ಬಂತಲ್ಲ, ಒಂದು ವಿಷಯ ಹೇಳಬೇಕು. ನಮ್ಮ ಓಣಿಯ ಬಾಯಲ್ಲಿ ಒಬ್ಬ ಹೆಂಗಸು ಬುನ್ ರಿಯು ಮಾರುತ್ತಿದ್ದರು. ಏಡಿ, ಟೊಮೆಟೊ ಹಾಕಿದ ಸಾರಿಗೆ ಅಕ್ಕಿ ಶಾವಿಗೆ. ನನಗೆ ಆಗದ ತಿಂಡಿ. ಆದರೆ 1, 15ರ ದಿನ ಅವರೂ ಚಾಯ್ ಮಾಡುತ್ತಿದ್ದರು, ಏಡಿಯ ಬದಲು ತೋಫು ಹಾಕಿ. ಆ ದಿನಗಳಲ್ಲಿ ನಾನು ತಪ್ಪದೆ ಹೋಗಿ ಕೂರುತ್ತಿದ್ದೆ. ಸ್ವಲ್ಪ ಕಾಲ ಕಳೆದ ಮೇಲೆ ಬೇರೆ ದಿನಗಳಲ್ಲೂ ನನಗಂತ ಒಂದು ಸಣ್ಣ ಪಾತ್ರೆಯಲ್ಲಿ ಬೇರೆ ಸಾರು ಇಡಲು ಶುರು ಮಾಡಿದರು. ನಾನು ಕೇಳಿದ್ದಲ್ಲ. ಸೌಟನ್ನೂ ಬೇರೆ ಇಟ್ಟಿದ್ದರು. ನನಗೆ ಭಾಷೆ ಅಷ್ಟಕ್ಕಷ್ಟೆ, ಅವರಿಗೆ ಇಂಗ್ಲಿಷ್ ಇಲ್ಲ. ವಯಸ್ಸಾದವರನ್ನು ಇಲ್ಲಿಯೂ ಅತ್ತೆ, ಅಕ್ಕ ಅಂತ ನೆಂಟಸ್ತಿಕೆ ಹಿಡಿದೇ ಕರೆಯುವುದು. ನಾನು ಕೋ ಅನ್ನುತ್ತಿದ್ದೆ, ಅಂದರೆ ಸೋದರತ್ತೆ. ನಮ್ಮಲ್ಲಿ ಹೇಗೋ ಹಾಗೆ, ಹೆಸರು ಕೇಳುವ ಪ್ರಮೇಯವೇ ಬರಲಿಲ್ಲ.

2021ರಲ್ಲಿ ಕೋವಿಡ್ ಇಲ್ಲಿ ಬಹಳ ಕೆಟ್ಟದಾಗಿ ಹೊಡೆಯಿತು. ಜುಲೈನಿಂದ ಊರು ಮುಚ್ಚಿತು, ಬೀದಿಯ ಊಟ ನಿಂತೇ ಹೋಯಿತು. ಆಗಸ್ಟ್ ಕೊನೆಗೆ ತರಕಾರಿಗೂ ಹೊರಗೆ ಹೋಗುವಂತಿರಲಿಲ್ಲ, ಸೈನಿಕರು ಮನೆಮನೆಗೆ ಹಂಚುತ್ತಿದ್ದರು. ಅಕ್ಟೋಬರ್ 1ಕ್ಕೆ ಬಿಗಿ ಸಡಿಲವಾದಾಗ ಮೆಕಾಂಗ್ ನದಿ ಮುಖಜ ಭೂಮಿಯ ಕಡೆಯಿಂದ ದುಡಿಯಲು ಬಂದವರು ಸಾವಿರಾರು ಜನ ಬೈಕಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಟರು. ನಮ್ಮ ಕೋ ಕೂಡ ಸೋಕ್ ತ್ರಾಂಗ್ ಕಡೆಯವರು. ಹೊರಟರು ಅಂತ ಪಕ್ಕದ ಮನೆಯವರು ಹೇಳಿದರು. ಆಮೇಲೆ ಬರಲಿಲ್ಲ. ಹುಡುಕೋಣ ಅಂದರೆ ಹೆಸರಿಲ್ಲ, ನಂಬರ್ ಇಲ್ಲ, ಒಂದು ಫೋಟೋ ಇಲ್ಲ. ಅಷ್ಟು ವರ್ಷ ನನಗೆ ಬಡಿಸಿದ ಕೈ ಅದು. ಆ ಜಾಗದಲ್ಲಿ ಈಗ ಹಾಲಿನ ಟೀ ಮಾರುವ ಅಂಗಡಿ ಇದೆ. ಇವತ್ತಿಗೂ ಹುಣ್ಣಿಮೆ ದಿನ ಆ ಕಡೆ ಹಾದುಹೋದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಿಮಗೆ ಒಂದು ಗಾಡಿ ಹಿಡಿಸಿತು ಅನ್ನಿ, ಅದೇ ಗಾಡಿಗೆ ಮತ್ತೆ ಮತ್ತೆ ಹೋಗಿ. ಹೆಸರು ಕೇಳಿ. ಇಲ್ಲಿ ಎಲ್ಲರ ಫೋನಲ್ಲೂ ಜಾಲೊ, ಅಂದರೆ ನಮ್ಮ ವಾಟ್ಸಾಪಿನಂಥ ಆ್ಯಪ್, ಇರುತ್ತದೆ, ನಂಬರ್ ತೆಗೆದುಕೊಳ್ಳಿ. ಊರು ಯಾವುದು, ಮಕ್ಕಳೆಷ್ಟು ಅಂತ ಅವರು ನಿಮ್ಮನ್ನು ಕೇಳಿಯೇ ಕೇಳುತ್ತಾರೆ, ನೀವೂ ಕೇಳಿ.

ಮೂರನೇ ದಿನ ಚೊ ಲೊನ್, ಚೀನೀಯರ ಪೇಟೆ. ಬಿನ್ ತಾಯ್ ಮಾರ್ಕೆಟ್ ನೋಡಿ, ಹಾ ತೋನ್ ಕ್ವಿಯೆನ್ ರಸ್ತೆಯಲ್ಲಿ ನೀವು ಡಂಪ್ಲಿಂಗ್ ತಿನ್ನಿ. ನಿಮ್ಮಾಕೆಗೆ ಶುಂಠಿ ಪಾಕದ ತೋಫು ಮತ್ತು ಚೆ ಸಾಕಾಗುತ್ತದೆ. ಹೆಸರುಬೇಳೆ, ತೆಂಗಿನ ಹಾಲಿನ ಚೆ ಅಂದರೆ ನಮ್ಮ ಪಾಯಸವೇ, ಐಸು ಹಾಕಿರುತ್ತಾರೆ ಅಷ್ಟೇ.

ನಾಲ್ಕನೇ ದಿನ ಮಧ್ಯಾಹ್ನ ಹಗುರಾಗಿ ಮುಗಿಸಿ, ಸಂಜೆಗೆ ತಾನ್ ದಿನ್ ಕಡೆಯ ದಿನ್ ಕೊಂಗ್ ತ್ರಾಂಗ್ ಓಣಿಗೆ ಬಾನ್ ಸೆಯೊ ತಿನ್ನಲು ಹೋಗಿ. ಅಕ್ಕಿ ಹಿಟ್ಟು, ಅರಿಸಿನ, ತೆಂಗಿನ ಹಾಲು. ಕಾವಲಿ ಮೇಲೆ ಹೊಯ್ದಾಗ ಚುಯ್ ಅನ್ನುವ ಸದ್ದು ಕೇಳಿದರೆ ಯಾವ ಕನ್ನಡದವರಿಗಾದರೂ ಬಾಯಲ್ಲಿ ನೀರೂರುತ್ತದೆ. ಮುರಿದು, ಸಾಸಿವೆ ಎಲೆಯಲ್ಲಿ ಸೊಪ್ಪಿನ ಜೊತೆ ಸುತ್ತಿ ಕೈಯಲ್ಲೇ ತಿನ್ನುವುದು. ಒಳಗೆ ಸಿಗಡಿ, ಹಂದಿ ಇರುತ್ತದೆ. ಅಣಬೆ, ಹೆಸರುಬೇಳೆ ಹಾಕಿದ್ದು ಚಾಯ್ ಅಂಗಡಿಗಳಲ್ಲಿ ಸಿಗುತ್ತದೆ. ಬಾನ್ ಖೋತ್ ಸಿಕ್ಕರೆ ಬಿಡಬೇಡಿ, ನಮ್ಮ ಪಡ್ಡಿನ ಕಾವಲಿಯಂಥದ್ದರಲ್ಲೇ ಮಾಡುತ್ತಾರೆ. ಅದು ವುಂಗ್ ತಾವ್ ಕಡೆಯದು. 2025ರ ಜುಲೈ 1ರಿಂದ ಆ ಊರೂ ಇದೇ ನಗರದ ಆಡಳಿತಕ್ಕೆ ಸೇರಿದೆ. ರಾತ್ರಿ ವಿನ್ ಖಾನ್ ರಸ್ತೆಯಲ್ಲಿ ಬಸವನಹುಳು, ಚಿಪ್ಪಿನ ತಿಂಡಿಗಳಿರುತ್ತವೆ. ಅದಕ್ಕೆ ನೀವೊಬ್ಬರೇ ಹೋಗಿ.

ಫೋ, ಅಂದರೆ ಸಾರಿನಲ್ಲಿ ಅಕ್ಕಿ ಶಾವಿಗೆ ಹಾಕಿ ಕೊಡುವ ಹೆಸರುವಾಸಿ ತಿಂಡಿ, ಅದರ ಬಗ್ಗೆ ಯಾಕೆ ಹೇಳಲಿಲ್ಲ ಅನ್ನಬೇಡಿ. ಹೆಚ್ಚಿನ ಅಂಗಡಿಗಳಲ್ಲಿ ಸಾರು ದನದ ಮೂಳೆಯದು. ಫೋ ಗಾ ಅಂದರೆ ಕೋಳಿಯದು, ಆದರೆ ಅದನ್ನು ಮಾತ್ರ ಮಾಡುವ ಅಂಗಡಿಗೇ ಹೋಗಿ. ನಿಮ್ಮಾಕೆಗೆ ಫೋ ಚಾಯ್.

ದುಡ್ಡಿನ ಲೆಕ್ಕ: ಒಂದು ರೂಪಾಯಿಗೆ ಸುಮಾರು 300 ಡಾಂಗ್. 20 ಸಾವಿರದ ನೋಟೂ ನೀಲಿ, 5 ಲಕ್ಷದ್ದೂ ನೀಲಿ. ರಾತ್ರಿ ಹೊತ್ತು ಸೊನ್ನೆ ಎಣಿಸಿ ಕೊಡಿ. ವಿಳಾಸದಲ್ಲಿ ಓರೆಗೆರೆ (/) ಹಾಕಿದ ಸಂಖ್ಯೆ ಇದ್ದರೆ ಓಣಿಯೊಳಗಿನ ಮನೆ ಅಂತ ಅರ್ಥ. ಕ್ವಾನ್ 1, ಕ್ವಾನ್ 3 ಅನ್ನುವ ಜಿಲ್ಲೆಗಳನ್ನು ಸರ್ಕಾರ ತೆಗೆದಿದ್ದರೂ ಜನರ ಬಾಯಲ್ಲಿ ಅವೇ ಇವೆ. ತೆತ್ ಹಬ್ಬದ ವಾರ, ಅಂದರೆ ಇವರ ಹೊಸ ವರ್ಷಕ್ಕೆ, ಅರ್ಧ ಊರು ಖಾಲಿಯಾಗಿ ಅಂಗಡಿಗಳು ಮುಚ್ಚುತ್ತವೆ. ಮನೆಯಲ್ಲಿ ದಿನಸಿ ತುಂಬಿಸಿಟ್ಟುಕೊಳ್ಳಿ.

ಊರಿಂದ ಏನು ತರಬೇಕು ಅಂದರೆ, ಅಕ್ಕಿ ಖಂಡಿತ ಬೇಡ. ಮಾರ್ಕೆಟ್ಟಿನಲ್ಲಿ ಬೆಂಡೆ, ಹೀರೆ, ಹಾಗಲ, ಬಸಳೆ, ಬಾಳೆ ಹೂವು ಎಲ್ಲ ಸಿಗುತ್ತದೆ, ತೆಂಗಿನಕಾಯಿ ತುರಿದೇ ಕೊಡುತ್ತಾರೆ. ಮೊಸರು ಸಿಹಿಯಾಗಿರುತ್ತದೆ, ಡಬ್ಬಿಯ ಮೇಲೆ "ಖೊಂಗ್ ದೂಂಗ್", ಅಂದರೆ ಸಕ್ಕರೆ ಇಲ್ಲ, ಅಂತ ಇರುವುದು ನೋಡಿ ತನ್ನಿ, ಅದರಲ್ಲೇ ಹೆಪ್ಪು ಹಾಕಬಹುದು. ರಾಗಿ ಹಿಟ್ಟು, ಸಾರಿನ ಪುಡಿ, ಇಂಗು, ಫಿಲ್ಟರ್ ಕಾಫಿ ಪುಡಿ ತನ್ನಿ. ತೊಗರಿಬೇಳೆ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ, ರೇಟು ಜಾಸ್ತಿ. ಮನೆ ಯಾವ ಕಡೆ ಅಂತ ಗೊತ್ತಾದ ಕೂಡಲೇ ತಿಳಿಸಿ, ಹತ್ತಿರದ ಚಾಯ್ ಅಂಗಡಿ ಯಾವುದು ಅಂತ ಹೇಳುತ್ತೇನೆ.