ತಲಪಾಡಿಯ ಆಚೆ ಸಾವು, ಈಚೆ ಜಾಗ

ನಿಮ್ಮ ಮಾವನವರು ತೀರಿಕೊಂಡ ಸುದ್ದಿ ಓದಿ ಬೇಸರವಾಯಿತು. ಕಾಸರಗೋಡಿನ ಪೆರ್ಲದ ತೋಟ ಮಕ್ಕಳ ಹೆಸರಿಗೆ ಆಗಬೇಕು, ಪೌತಿ ಖಾತೆಗೆ (ತೀರಿಕೊಂಡವರ ಜಾಗವನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಯಾವ ನಾಡಕಚೇರಿಗೆ ಹೋಗಬೇಕು ಎಂದು ಕೇಳಿದ್ದೀರಿ. ತಲಪಾಡಿ ಗಡಿಯ ಈಚೆ, ಕೇರಳದಲ್ಲಿ, ನಾಡಕಚೇರಿ ಇಲ್ಲ. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡದೊಳಗೇ ಇತ್ತು. ಮದುವೆ, ಮಾರುಕಟ್ಟೆ, ಆಸ್ಪತ್ರೆ ಎಲ್ಲಕ್ಕೂ ನಾವು ಈಗಲೂ ಮಂಗಳೂರು, ಪುತ್ತೂರಿನ ಕಡೆಗೇ ಮುಖ ಮಾಡುವವರು. ಜಾಗದ ಕಾಗದ ಮಾತ್ರ ಕೇರಳದ್ದು. ವಿಲ್ಲೇಜ್ ಆಫೀಸು, ಅದರ ಮೇಲೆ ಉಪ್ಪಳದ ತಾಲೂಕು ಕಚೇರಿ. ಖಾತೆ ಬದಲಾವಣೆಗೆ ಇಲ್ಲಿ ಪೋಕುವರವು ಎನ್ನುತ್ತಾರೆ.

ಮೊದಲ ತೊಡಕು ಮರಣ ಪ್ರಮಾಣಪತ್ರದಲ್ಲೇ ಶುರುವಾಗುತ್ತದೆ. ಸಾವು ಎಲ್ಲಿ ಆಯಿತೋ ಅಲ್ಲಿ ನೋಂದಣಿ, ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ. ಗಡಿಭಾಗದ ಎಷ್ಟೋ ಜನ ಕೊನೆಯುಸಿರೆಳೆಯುವುದು ಮಂಗಳೂರಿನ ಆಸ್ಪತ್ರೆಗಳಲ್ಲಿ. ಹಾಗಾಗಿ ಪ್ರಮಾಣಪತ್ರ ಕರ್ನಾಟಕದ್ದು, ಜಾಗ ಕೇರಳದ್ದು. ಶವವನ್ನು ಕತ್ತಲಾಗುವ ಮೊದಲು ಊರು ಮುಟ್ಟಿಸುವ ಅವಸರದಲ್ಲಿ ಆಸ್ಪತ್ರೆಯ ಕೌಂಟರಿನಲ್ಲಿ ಅಳಿಯನೋ ನೆರೆಯವನೋ ಬಾಯಿಗೆ ಬಂದ ಹೆಸರು ಹೇಳುತ್ತಾನೆ: ಸುಬ್ಬಣ್ಣ ಭಟ್. ಆಧಾರ್ ಕಾರ್ಡಿನಲ್ಲಿ ಸುಬ್ರಹ್ಮಣ್ಯ ಭಟ್ ಕೆ., ತೀರ್ವೆ (ಭೂತೆರಿಗೆ) ರಶೀದಿಯಲ್ಲಿ ಮಲಯಾಳದಲ್ಲಿ ಇನ್ನೊಂದು ರೂಪ. ಅಲ್ಲಿಂದ ಮುಂದೆ ಪ್ರತಿ ಮೇಜಿನಲ್ಲೂ ಇದೇ ಪ್ರಶ್ನೆ: ಇಬ್ಬರೂ ಒಬ್ಬರೇ ಎಂಬುದಕ್ಕೆ ದಾಖಲೆ ಏನು? ಆದ್ದರಿಂದ ಕೈಗೆ ಬಂದ ಪ್ರಮಾಣಪತ್ರವನ್ನು ಅಕ್ಷರ ಅಕ್ಷರ ಓದಿ. ತಪ್ಪಿದ್ದರೆ ನೋಂದಣಿ ಮಾಡಿದ ಕಚೇರಿಯಲ್ಲೇ ತಿದ್ದಿಸಿ. ಉಳಿದ ಓಡಾಟ ಆಮೇಲೆ. ಸಾವು ಮನೆಯಲ್ಲೇ ಆಗಿದ್ದರೆ ಪಂಚಾಯತಿಗೆ ತಿಳಿಸಲು 21 ದಿನದ ಅವಧಿ. ಉತ್ತರಕ್ರಿಯೆಯ ಗಡಿಬಿಡಿಯಲ್ಲಿ ಅದು ಸದ್ದಿಲ್ಲದೆ ದಾಟಿಹೋಗುತ್ತದೆ.

ಮುಂದಿನದು ವಾರಸುದಾರರ ಪ್ರಮಾಣಪತ್ರ. ಕೊಡುವವರು ತಾಶಿಲ್ದಾರರು. ವಿಲ್ಲೇಜ್ ಆಫೀಸರ್ ವಿಚಾರಿಸಿ, ನೆರೆಕರೆಯವರ ಹೇಳಿಕೆ ಪಡೆದು ವರದಿ ಕಳಿಸಬೇಕು. ಬಳಿಕ ಗೆಜೆಟಿನಲ್ಲಿ ಪ್ರಕಟಣೆ, ತಕರಾರಿಗೆ 30 ದಿನ. ಕಾಯುವುದನ್ನು ಬಿಟ್ಟರೆ ಬೇರೆ ದಾರಿ ಇಲ್ಲ. ಅರ್ಜಿ ಕನ್ನಡದಲ್ಲಿ ಬರೆಯಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಲ್ಲಿ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ನಮಗೆ ಕೊಟ್ಟಿದೆ, ಉತ್ತರವೂ ಕನ್ನಡದಲ್ಲೇ ಸಿಗಬೇಕು. ಬಳಸದೇ ಬಿಟ್ಟರೆ ಈ ಹಕ್ಕು ಕಾಗದದಲ್ಲೇ ಉಳಿಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಜಾಗದ ಹಳೆಯ ಆಧಾರಪತ್ರ, ಅಂದರೆ ಹಕ್ಕಿನ ದಾಖಲೆ, ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ. 1956ಕ್ಕೆ ಹಿಂದಿನದಾದರೆ ಸಾಮಾನ್ಯವಾಗಿ ಕನ್ನಡದಲ್ಲಿರುತ್ತದೆ. ಮೋಡಿಯಂಥ ಕೂಡಕ್ಷರ, ಮಡಿಕೆಗಳಲ್ಲಿ ಹರಿದ ಕಾಗದ, "ಮೂಡು ತೋಡು, ಪಡು ಗುಡ್ಡೆ" ಎಂದು ಚಕ್ಕುಬಂದಿ, ಅಂದರೆ ಗಡಿಗುರುತು. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ಅಧಿಕಾರಿ ಅದನ್ನು ಓದಲಾರ. ಅದು ಅವನ ತಪ್ಪಲ್ಲ. ಕನ್ನಡ ಬಲ್ಲವರನ್ನು ಇಲ್ಲಿನ ಕಚೇರಿಗಳಿಗೆ ಹಾಕಿ ಎಂದು ನಾವು ಇಷ್ಟು ವರ್ಷ ಕೇಳುತ್ತಾ ಬಂದಿರುವುದು ಇದಕ್ಕಾಗಿಯೇ. ಹಳೆಯ ಕೈಬರಹ ಓದಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಸರ್ವೆ ನಂಬ್ರಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ವಿಟ್ಲದ ಹತ್ತಿರವೂ ಒಂದು ತುಂಡು ಜಾಗ ಇದೆ ಎಂದಿದ್ದೀರಿ. ಅದಕ್ಕೆ ಕರ್ನಾಟಕದ ರೀತಿಯಲ್ಲೇ ಪೌತಿ ಖಾತೆ ಆಗಬೇಕು. ಇಲ್ಲಿನ ಪೋಕುವರವಿನಿಂದ ಅಲ್ಲಿನ ಪಹಣಿ ಬದಲಾಗುವುದಿಲ್ಲ. ಮಾವನವರು ವೀಲುನಾಮೆ (ಉಯಿಲು) ಬರೆದಿದ್ದು ಅದಕ್ಕೆ ಯಾರದೂ ತಕರಾರಿಲ್ಲ ಎಂದಾದರೆ ನಮ್ಮ ಕಡೆಯ ಹಿಂದೂ ಕುಟುಂಬಗಳಿಗೆ ಪ್ರೊಬೇಟ್, ಅಂದರೆ ವೀಲುನಾಮೆಗೆ ಕೋರ್ಟಿನ ದೃಢೀಕರಣ, ಕಡ್ಡಾಯವಲ್ಲ. ತಕರಾರು ಎದ್ದು ಕೋರ್ಟಿಗೆ ಹೋಗುವಂತಾದರೆ ಒಂದು ಮಾತು ನೆನಪಿಡಿ. 1925ರ ಭಾರತೀಯ ಉತ್ತರಾಧಿಕಾರ ಕಾನೂನಿನ 273ನೇ ಕಲಮಿನಂತೆ ಜಿಲ್ಲಾ ನ್ಯಾಯಾಲಯದ ಪ್ರೊಬೇಟ್ ಆ ರಾಜ್ಯದೊಳಗಿನ ಆಸ್ತಿಗೆ ನಡೆಯುತ್ತದೆ. ಹೊರರಾಜ್ಯದ ಆಸ್ತಿ 10,000 ರೂಪಾಯಿ ಮೀರುವುದಿಲ್ಲ ಎಂದು ನ್ಯಾಯಾಧೀಶರು ದೃಢೀಕರಿಸಿದರೆ ಮಾತ್ರ ಹೊರಗೂ ನಡೆದೀತು. ಇಂದು ಆ ಮೊತ್ತಕ್ಕೆ ವಿಟ್ಲದಲ್ಲಿ ಒಂದು ಸೆಂಟ್ಸ್ ಸಿಗುವುದೂ ಕಷ್ಟ. ಎರಡೂ ರಾಜ್ಯಗಳಲ್ಲಿ ಆಸ್ತಿ ಇದ್ದವರು ಹೈಕೋರ್ಟಿನ ದಾರಿಯನ್ನು ವಕೀಲರ ಹತ್ತಿರ ಮೊದಲೇ ಕೇಳುವುದು ಒಳ್ಳೆಯದು. ಬ್ಯಾಂಕಿನ ಠೇವಣಿಗೆ ನಾಮಿನಿ ಇಲ್ಲದೆ ಸಕ್ಸೆಷನ್ ಸರ್ಟಿಫಿಕೇಟ್ (ಹಣ ಪಡೆಯಲು ಕೋರ್ಟು ಕೊಡುವ ಉತ್ತರಾಧಿಕಾರ ಪತ್ರ) ಬೇಕಾದರೆ ಆ ಚಿಂತೆ ಇಲ್ಲ, ಅದು ದೇಶವಿಡೀ ನಡೆಯುತ್ತದೆ.

ನಿಮ್ಮ ನೆರೆಯ ಬಂಟರ ಮನೆಯವರ ಲೆಕ್ಕ ಬೇರೆ. ಅವರದು ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನ ಪದ್ಧತಿ. ಅಂಥ ಕುಟುಂಬಗಳ ಕೂಡು ಆಸ್ತಿಯನ್ನು ಕೇರಳದ ಕಾನೂನು 1976ರ ಡಿಸೆಂಬರ್ 1ರಂದು ತಲೆಲೆಕ್ಕದಲ್ಲಿ ಪಾಲಾಗಿಸಿತು. ಅವರ ಮಾತು ಕೇಳಿ ನಿಮ್ಮ ಪಾಲು ಎಣಿಸಬೇಡಿ.

ಕೊನೆಗೆ, ಮಾವನವರ ತಾಯಿ ಇನ್ನೂ ಇದ್ದಾರೆ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ವೀಲುನಾಮೆ ಇಲ್ಲದಿದ್ದರೆ ಮಗನ ಸ್ವಂತ ಆಸ್ತಿಯಲ್ಲಿ ಹೆಂಡತಿ ಮಕ್ಕಳಷ್ಟೇ ಪಾಲು ಆ ಅಜ್ಜಿಗೂ ಇದೆ. ಅರ್ಜಿಯಲ್ಲಿ ಅವರ ಹೆಸರು ಬಿಡುವಂತಿಲ್ಲ. ಮಗನನ್ನು ಕಳೆದುಕೊಂಡವರ ಮುಂದೆ ಸಹಿಯ ಕಾಗದ ಒಮ್ಮೆಲೇ ಹಿಡಿಯಬೇಡಿ. ನಿಮ್ಮ ಯಜಮಾನರು ಒಂದು ದಿನ ಅವರ ಹತ್ತಿರ ಕುಳಿತು ಎಲ್ಲವನ್ನೂ ವಿವರವಾಗಿ ಹೇಳಲಿ, ಅರ್ಜಿ ಸಲ್ಲಿಸುವ ಅಕ್ಷಯ ಕೇಂದ್ರಕ್ಕೆ ಆಮೇಲೆ ಹೋದರಾಯಿತು.