ಪಿಕಪ್‌ಗೆ ಹೊಸ ಸೈಲೆನ್ಸರ್: ಒಂದು ಕೊಳವೆಯೋ, ಎರಡೋ?

ಪ್ರಶ್ನೆ: ನನ್ನ ಬಳಿ 2018ರ ಮಾದರಿಯ, ಬಿಎಸ್4 (ಹೊಗೆಮಾಲಿನ್ಯದ ಮಾನದಂಡ) ಶ್ರೇಣಿಯ, ನಾಲ್ಕು ಸಿಲಿಂಡರಿನ ಟರ್ಬೊ ಡೀಸೆಲ್ ಪಿಕಪ್ ಇದೆ. ದಿನವೂ ಯಲಹಂಕದಿಂದ ಹೆಬ್ಬಾಳದವರೆಗೆ ಕೆಲಸಕ್ಕೆ ಓಡಿಸುತ್ತೇನೆ. ಆಗೊಮ್ಮೆ ಈಗೊಮ್ಮೆ ಸಕಲೇಶಪುರದ ಕಡೆಯ ತೋಟಕ್ಕೆ ಹೋಗಿಬರುತ್ತೇನೆ. ಸೈಲೆನ್ಸರಿನ ಡಬ್ಬದ ತಳ ತುಕ್ಕು ಹಿಡಿದು ತೂತಾಗಿ ಸದ್ದು ಜೋರಾಗಿದೆ, ಘಾಟಿಯಲ್ಲಿ ಎಳೆತವೂ ತಗ್ಗಿದೆ. ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಹೇಗೂ ಬದಲಿಸುವುದಿದೆ, ಅಮೆರಿಕದ ಪಿಕಪ್‌ಗಳಂತೆ ಎರಡೂ ಬದಿಗೆ ಪೈಪ್ ಬರುವ ಡ್ಯುಯಲ್ ಎಕ್ಸಾಸ್ಟ್ ಹಾಕಿಸಿ, ಎಳೆತ ಮತ್ತು ಮೈಲೇಜ್ ಎರಡೂ ಹೆಚ್ಚುತ್ತವೆ ಎಂದರು. ಯಾವುದನ್ನು ಆರಿಸಲಿ?
— ಓದುಗರೊಬ್ಬರು, ಯಲಹಂಕ

ಉತ್ತರ: ನಿಮ್ಮ ವಾಹನಕ್ಕೆ ಒಂದೇ ಕೊಳವೆ ಸಾಕು. ಎರಡನೆಯ ಕೊಳವೆಗೆ ಕೊಡುವ ಹಣವನ್ನು ಒಳ್ಳೆಯ ಲೋಹದ, ಸರಿಯಾದ ಅಳತೆಯ ಒಂದೇ ಸೈಲೆನ್ಸರಿಗೆ ಹಾಕಿ. ಆದರೆ ಅದಕ್ಕೂ ಮುಂಚೆ ಗಮನಿಸಬೇಕಾದ ಸಂಗತಿಯೊಂದಿದೆ. ಸೈಲೆನ್ಸರಿನ ತಳದಲ್ಲಿ ತೂತಾದರೆ ಸದ್ದು ಹೆಚ್ಚುತ್ತದೆಯೇ ಹೊರತು ಟರ್ಬೊ ಡೀಸೆಲ್ ಎಂಜಿನ್ನಿನ ಎಳೆತ ಕಡಿಮೆಯಾಗುವುದಿಲ್ಲ. ಎಳೆತ ತಗ್ಗಿದ್ದಕ್ಕೆ ಕಾರಣ ಬೇರೆಡೆ ಇರಬೇಕು. ಹೊಗೆಯ ಒತ್ತಡದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದಿಂದ, ಆ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸ್ ಸೀಳಿರಬಹುದು, ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಸ್ವಲ್ಪ ಹೊಗೆಯನ್ನು ಮರಳಿ ಎಂಜಿನ್ನಿಗೆ ಬಿಡುವ ಇಜಿಆರ್ ಕವಾಟದಲ್ಲಿ ಮಸಿ ತುಂಬಿರಬಹುದು, ಅಥವಾ ಟರ್ಬೊಗಿಂತ ಮುಂಚೆ, ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರುತ್ತಿರಬಹುದು. ಆ ಗ್ಯಾಸ್ಕೆಟ್ ಸೋರಿದರೆ ಟರ್ಬೊವನ್ನು ತಿರುಗಿಸಬೇಕಾದ ಒತ್ತಡವೇ ದಾರಿಯಲ್ಲಿ ಪೋಲಾಗುತ್ತದೆ. ಜೋಡಣೆಯ ಸುತ್ತ ಕಪ್ಪು ಮಸಿಯ ಗೆರೆ ಮೂಡಿರುತ್ತದೆ, ಆಕ್ಸಲರೇಟರ್ ಒತ್ತಿದಾಗ ಹೊಗೆ ಕಪ್ಪಾಗುತ್ತದೆ. ಇನ್ನೊಂದು ಸಾಧ್ಯತೆಯೂ ಇದೆ: ಸೈಲೆನ್ಸರಿನೊಳಗಿನ ತಗಡಿನ ಅಡ್ಡಗೋಡೆ ಕಳಚಿ ಹೊಗೆಯ ದಾರಿಗೆ ಅಡ್ಡ ಬಿದ್ದಿರಬಹುದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮರದ ಸುತ್ತಿಗೆಯಿಂದ ಡಬ್ಬವನ್ನು ಮೆಲ್ಲಗೆ ತಟ್ಟಿ ನೋಡಿ. ಒಳಗೆ ತಗಡು ಅಲುಗಾಡುವ ಸದ್ದು ಬಂದರೆ ಅನುಮಾನ ಅಲ್ಲಿಯೇ. ಇಷ್ಟನ್ನು ಪರೀಕ್ಷಿಸದೆ ಸೈಲೆನ್ಸರ್ ಬದಲಿಸಿದರೆ ಸದ್ದು ನಿಲ್ಲಬಹುದು, ಘಾಟಿಯ ತೊಂದರೆ ಹಾಗೆಯೇ ಉಳಿಯಬಹುದು.

ಈಗ ಎರಡು ಕೊಳವೆಯ ಮಾತಿಗೆ ಬರೋಣ. ಅಮೆರಿಕದ ದೊಡ್ಡ ಪೆಟ್ರೋಲ್ ಪಿಕಪ್‌ಗಳಲ್ಲಿ, ಅಂದರೆ ಫೋರ್ಡ್ ಎಫ್-150, ಷೆವ್ರೊಲೆ ಸಿಲ್ವೆರಾಡೊದಂಥವುಗಳಲ್ಲಿ, ವಿ8 ಎಂಜಿನ್ ಬಹಳ ಕಾಲದಿಂದ ಬಳಕೆಯಲ್ಲಿದೆ. ವಿ ಆಕಾರದ ಎಂಜಿನ್ನಿನಲ್ಲಿ ಸಿಲಿಂಡರುಗಳು ಎರಡು ಸಾಲಾಗಿ ಕೂತಿರುತ್ತವೆ, ಪ್ರತಿ ಸಾಲಿಗೂ ಬೇರೆ ಮ್ಯಾನಿಫೋಲ್ಡ್ ಇರುತ್ತದೆ. ಆದ್ದರಿಂದ ಅಲ್ಲಿ ಎಂಜಿನ್ನಿನಿಂದಲೇ ಎರಡು ಕೊಳವೆಗಳು ಹೊರಡುವುದು ಸಹಜ, ಅದರಿಂದ ಹೊಗೆ ಸಲೀಸಾಗಿ ಹೊರಹೋಗುವುದೂ ನಿಜ. ನಿಮ್ಮ ಎಂಜಿನ್ನಿನಲ್ಲಿ ನಾಲ್ಕೂ ಸಿಲಿಂಡರುಗಳು ಒಂದೇ ಸಾಲಿನಲ್ಲಿವೆ. ನಾಲ್ಕರ ಹೊಗೆಯೂ ಒಂದೇ ಟರ್ಬೊದೊಳಗೆ ಹೋಗಿ ಒಂದೇ ಬಾಯಿಯಿಂದ ಹೊರಬರುತ್ತದೆ. ಅಂಗಡಿಯವರು ಹೇಳುವ ಡ್ಯುಯಲ್ ಎಕ್ಸಾಸ್ಟ್ ಎಂದರೆ ಆ ಒಂದು ಕೊಳವೆಯನ್ನು ಹಿಂದೆ ಎಲ್ಲೋ ಕವಲೊಡೆಸುವುದು, ಅಷ್ಟೆ. ಕವಲಿಗಿಂತ ಮುಂಚಿನ ಕೊಳವೆ ಎಷ್ಟು ಅಗಲವೋ ಅಷ್ಟೇ ಹೊಗೆ ಸಾಗುತ್ತದೆ. ಹಿಂದೆ ಎಷ್ಟು ಬಾಯಿ ತೆರೆದರೂ ಎಂಜಿನ್ನಿಗೆ ಅದರ ಲಾಭ ತಲುಪುವುದಿಲ್ಲ.

ಅಳತೆಯ ಲೆಕ್ಕವನ್ನೂ ನೋಡಿ. 63 ಮಿ.ಮೀ. ಒಳವ್ಯಾಸದ ಒಂದು ಕೊಳವೆಯ ಒಳವಿಸ್ತೀರ್ಣ ಸುಮಾರು 3,100 ಚದರ ಮಿ.ಮೀ. 45 ಮಿ.ಮೀ. ಒಳವ್ಯಾಸದ ಎರಡು ಕೊಳವೆಗಳ ವಿಸ್ತೀರ್ಣ ಸೇರಿದರೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಸ್ವಲ್ಪ ದಪ್ಪನೆಯ ಒಂದು ಕೊಳವೆ ಎರಡು ಸಣ್ಣ ಕೊಳವೆಗಳ ಕೆಲಸವನ್ನು ಕಡಿಮೆ ಲೋಹದಲ್ಲಿ, ಕಡಿಮೆ ತೂಕದಲ್ಲಿ, ಕಡಿಮೆ ಜೋಡಣೆಗಳಲ್ಲಿ ಮಾಡುತ್ತದೆ. ಎರಡನೆಯ ಕೊಳವೆಗೆ ಪಿಕಪ್ಪಿನ ಅಡಿಯಲ್ಲಿ ಜಾಗವೂ ಸುಲಭವಾಗಿ ಸಿಗುವುದಿಲ್ಲ. ಹಿಂಬದಿಯ ತೊಟ್ಟಿಯ ಕೆಳಗೆ ಸ್ಟೆಪ್ನಿ ನೇತಾಡುತ್ತಿರುತ್ತದೆ, ಪಕ್ಕದಲ್ಲಿ ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್, ಮೇಲೆ ಕೆಳಗೆ ಆಡುವ ಆಕ್ಸಲ್ ಮತ್ತು ಪಟ್ಟಾ ಇರುತ್ತವೆ. ಲೋಡ್ ಹಾಕಿದಾಗ ಆಕ್ಸಲ್ ಎಷ್ಟು ಮೇಲೇರುತ್ತದೆ ಎಂಬುದನ್ನು ಲೆಕ್ಕ ಹಾಕದೆ ಖಾಲಿ ಗಾಡಿಯಲ್ಲಿ ಪೈಪ್ ಕೂರಿಸಿದರೆ ಮೊದಲ ದೊಡ್ಡ ಹಂಪಿನಲ್ಲೇ ಅದು ತಗಲುತ್ತದೆ.

ಕಾನೂನಿನ ವಿಷಯವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 112ನೇ ನಿಯಮದ ಪ್ರಕಾರ ಹೊಗೆ ಕೆಳಮುಖವಾಗಿಯೂ ವಾಹನದ ಎಡಬದಿಗೂ ಹೊರಬರಬಾರದು. ನಮ್ಮಲ್ಲಿ ಎಡಬದಿಯೆಂದರೆ ಪಾದಚಾರಿಗಳು ನಡೆಯುವ, ಬಸ್ಸಿಗಾಗಿ ಜನ ಕಾಯುವ ಬದಿ. ಹಿಂದಿನ ಚಕ್ರದ ಆಚೆಗೆ ಎಡಕ್ಕೆ ಬಾಗಿಸಿದ ಎರಡನೆಯ ಪೈಪ್ ಈ ನಿಯಮಕ್ಕೆ ನೇರವಾಗಿ ವಿರುದ್ಧ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂಥ ಮಾರ್ಪಾಡನ್ನು ನಿಷೇಧಿಸುತ್ತದೆ, ಮತ್ತು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಶಬ್ದಮಾಲಿನ್ಯದ ಮಿತಿ ಮೀರಿದರೆ ದಂಡ 10,000 ರೂಪಾಯಿವರೆಗೆ ಹೋಗಬಹುದು. ಹಾಳಾದ ಸೈಲೆನ್ಸರಿನ ಜಾಗದಲ್ಲಿ ಅದೇ ಬಗೆಯದನ್ನು ಹಾಕಿಸುವುದು ದುರಸ್ತಿ ಮಾತ್ರ, ಅದಕ್ಕೆ ಯಾರ ತಕರಾರೂ ಇಲ್ಲ. ನಾನು ದಂಡದ ಭಯಕ್ಕಾಗಿ ಇದನ್ನು ಹೇಳುತ್ತಿಲ್ಲ. ಆಸ್ಪತ್ರೆ, ಶಾಲೆಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯದಲ್ಲಿ ರಾತ್ರಿಯ ಮಿತಿ 40 ಡೆಸಿಬಲ್. ನಿಮ್ಹಾನ್ಸ್, ಕಿದ್ವಾಯಿಗಳಿರುವ ಹೊಸೂರು ರಸ್ತೆಯಲ್ಲಿ ರಾತ್ರಿ ಹೊತ್ತು ಒಡೆದ ಸೈಲೆನ್ಸರಿನ ಒಂದು ಗಾಡಿ ಹಾದುಹೋದರೆ ಒಳಗೆ ಮಲಗಿರುವ ರೋಗಿಗಳಿಗೆ ಏನಾಗುತ್ತದೆ ಎಂಬುದನ್ನು ಗಾಡಿ ಓಡಿಸುವ ನಾವೆಲ್ಲರೂ ಯೋಚಿಸಬೇಕು.

ಇನ್ನು ಆಯ್ಕೆ. ಡಬ್ಬದೊಳಗೆ ಕೋಣೆಗಳೂ ಹಿಂದು ಮುಂದಾಗಿ ಹೊಗೆ ತಿರುಗುವ ರಂಧ್ರಯುಕ್ತ ಕೊಳವೆಗಳೂ ಇರುವ ಸೈಲೆನ್ಸರ್ ಒಂದು ಬಗೆ. ತಯಾರಕರು ಸಾಮಾನ್ಯವಾಗಿ ಕೊಡುವುದು ಇದನ್ನೇ. ಒಂದೇ ನೇರ ರಂಧ್ರಯುಕ್ತ ಕೊಳವೆಯ ಸುತ್ತ ಗಾಜಿನ ನಾರನ್ನು ತುಂಬಿದ್ದು ಇನ್ನೊಂದು ಬಗೆ. ಎರಡನೆಯದು ನೋಡಲು ತೆಳ್ಳಗೆ, ಹಗುರ, ಅಂಗಡಿಗಳಲ್ಲಿ ಹೆಚ್ಚು ಹೊಗಳುವುದೂ ಅದನ್ನೇ. ನಿಮಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ, ಕಾರಣ ಹೀಗಿದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 67 ಬಾರಿ ಹೊಗೆಯ ಬಡಿತ ಹೊರಡುತ್ತದೆ. ಇಷ್ಟು ತಗ್ಗಿನ ಸ್ವರವನ್ನು ಗಾಜಿನ ನಾರು ಹೀರುವುದಿಲ್ಲ, ಅದು ಹೀರುವುದು ಕೀರಲು ಸದ್ದನ್ನು. ತಗ್ಗು ಸ್ವರವನ್ನು ಕೋಣೆಗಳೇ ತಡೆಯಬೇಕು. ಹೀಗಾಗಿ ಹಾಸನದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗುವಾಗ ಕ್ಯಾಬಿನ್ನಿನೊಳಗೆ ಗುಂಯ್ಗುಡುವ ಸದ್ದು ತಲೆನೋವು ತರುತ್ತದೆ. ಮೇಲಾಗಿ ಡೀಸೆಲ್ ಮಸಿ ನಾರಿನಲ್ಲಿ ಕಟ್ಟಿಕೊಳ್ಳುತ್ತದೆ, ಕಾಲಕ್ರಮದಲ್ಲಿ ನಾರು ಸುಟ್ಟು ಹಾರಿಹೋಗಿ ಸದ್ದು ಇನ್ನೂ ಏರುತ್ತದೆ.

ಲೋಹದ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ಸೈಲೆನ್ಸರಿನ ಆಯುಸ್ಸು ಅದರಲ್ಲೇ ಇದೆ. ಇಂಧನ ಉರಿದಾಗ ಹೊಗೆಯ ಜೊತೆ ನೀರಿನ ಆವಿಯೂ ಹುಟ್ಟುತ್ತದೆ. ಯಲಹಂಕದಿಂದ ಹೆಬ್ಬಾಳದವರೆಗಿನ ಸಣ್ಣ ಓಡಾಟದಲ್ಲಿ, ಅದೂ ನಿಂತು ನಿಂತು ಸಾಗುವ ದಟ್ಟಣೆಯಲ್ಲಿ, ಹಿಂದಿನ ಡಬ್ಬ ಸಾಕಷ್ಟು ಬಿಸಿಯಾಗುವುದೇ ಇಲ್ಲ; ಆವಿ ಒಳಗೇ ನೀರಾಗಿ, ಹೊಗೆಯ ಆಮ್ಲದೊಂದಿಗೆ ಸೇರಿ ತಳದಲ್ಲಿ ನಿಲ್ಲುತ್ತದೆ. ನಿಮ್ಮ ಡಬ್ಬ ತಳದಲ್ಲೇ ತೂತಾಗಿರುವುದು ಅದು ಒಳಗಿನಿಂದ ಕೊಳೆತಿದೆ ಎಂಬುದರ ಗುರುತು. ಎರಡು ಕೊಳವೆ ಹಾಕಿಸಿದರೆ ಹೊಗೆ ಇಬ್ಭಾಗವಾಗಿ ಇನ್ನಷ್ಟು ತಣ್ಣಗಾಗಿ, ಈ ಕಾಟ ಹೆಚ್ಚುತ್ತದೆ.

ಸಾದಾ ಉಕ್ಕಿನದು ಅಗ್ಗ, ಬೇಗ ಹೋಗುತ್ತದೆ. ಅಲ್ಯುಮಿನಿಯಂ ಲೇಪಿತ ಉಕ್ಕು ಅದಕ್ಕಿಂತ ಮೇಲು, ಆದರೆ ವೆಲ್ಡಿಂಗ್ ಮಾಡಿದ ಕಡೆ ಲೇಪ ಸುಟ್ಟು ತುಕ್ಕು ಅಲ್ಲಿಂದ ಶುರುವಾಗುತ್ತದೆ. ಸುಮಾರು 11 ಶೇಕಡಾ ಕ್ರೋಮಿಯಂ ಇರುವ 409 ದರ್ಜೆಯ ಸ್ಟೇನ್‌ಲೆಸ್ ಉಕ್ಕನ್ನು ಕಾರು ತಯಾರಕರು ವ್ಯಾಪಕವಾಗಿ ಬಳಸುತ್ತಾರೆ. ಮೇಲೆ ಕಂದು ಬಣ್ಣ ಕೂತರೂ ಬಹುಕಾಲ ತೂತಾಗುವುದಿಲ್ಲ. 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್ ಇರುವ 304 ದರ್ಜೆ ಇನ್ನೂ ಉತ್ತಮ, ಬೆಲೆಯೂ ಹೆಚ್ಚು. ಅಂಗಡಿಯಲ್ಲಿ ಆಯಸ್ಕಾಂತ ಹಿಡಿದು, ‘ನೋಡಿ ಸರ್, ಅಂಟುತ್ತಿಲ್ಲ, 304’ ಎಂದು ತೋರಿಸುವುದುಂಟು. ಅದನ್ನು ನಂಬಿ ಹಣ ಕೊಡಬೇಡಿ. ನಿಕಲ್ ಕಡಿಮೆಯಿರುವ 202 ದರ್ಜೆಗೂ ಆಯಸ್ಕಾಂತ ಅಂಟುವುದಿಲ್ಲ, ಅದು ತುಕ್ಕಿಗೆ ಬೇಗ ಬಲಿಯಾಗುತ್ತದೆ. 409ಕ್ಕೆ ಅಂಟುತ್ತದೆ, ಹಾಗೆಂದು ಅದು ಕಳಪೆಯಲ್ಲ. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ; ಬರೆದುಕೊಡಲು ಒಪ್ಪದವರಲ್ಲಿ ಕೊಳ್ಳಬೇಡಿ. ನಿಮ್ಮ ಓಡಾಟಕ್ಕೆ 409 ಸಾಕು, ತಯಾರಕರ ಮೂಲ ಭಾಗವೇ ಸಿಕ್ಕರೆ ಅದೇ ಅತ್ಯುತ್ತಮ.

ನೋಟಕ್ಕಾಗಿ ಎರಡು ತುದಿ ಬೇಕೇ ಬೇಕು ಎನಿಸಿದರೆ ಒಂದೇ ಸೈಲೆನ್ಸರಿನ ಕೊಳವೆಯ ಕೊನೆಗೆ, ಬಲಬದಿಯಲ್ಲಿ ಹಿಮ್ಮುಖವಾಗಿ, ಜೋಡಿ ತುದಿ ಕೂರಿಸಿಕೊಳ್ಳಬಹುದು. ತುದಿ ತೊಟ್ಟಿಯ ಅಂಚನ್ನು ದಾಟಿ ಹೊರಗಿರಲಿ. ತೊಟ್ಟಿಗೆ ಕ್ಯಾನೊಪಿ ಹಾಕಿಸಿದ್ದರೆ ಇದು ಇನ್ನೂ ಮುಖ್ಯ, ಏಕೆಂದರೆ ಓಡುವ ಗಾಡಿಯ ಹಿಂದೆ ಗಾಳಿ ಸುಳಿದು ಹೊಗೆಯನ್ನು ಒಳಕ್ಕೆ ಎಳೆಯುತ್ತದೆ, ಮತ್ತು ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಪ್ರಶ್ನೆ: ನನ್ನದು ಬಿಎಸ್6 ಪಿಕಪ್. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತೆಗೆಸಿ ನೇರ ಪೈಪ್ ಹಾಕಿಸಿದರೆ ಮೈಲೇಜ್ ಬರುತ್ತದೆಂದು ಗೆಳೆಯರು ಹೇಳುತ್ತಾರೆ. ಸರಿಯೇ?
— ಓದುಗರೊಬ್ಬರು, ಕೆಂಗೇರಿ

ಉತ್ತರ: ಖಂಡಿತ ಬೇಡ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್6 ನಿಯಮದಡಿ ಡಿಪಿಎಫ್ ಮಸಿಯ ಸೂಕ್ಷ್ಮ ಕಣಗಳನ್ನು ಹಿಡಿದಿಡುತ್ತದೆ. ಅದನ್ನು ತೆಗೆದರೆ ಆ ಕಣಗಳು ನೇರವಾಗಿ ನಮ್ಮ ಮಕ್ಕಳ ಶ್ವಾಸಕೋಶಕ್ಕೆ ಹೋಗುತ್ತವೆ. ಅದರ ಹಿಂದು ಮುಂದಿನ ಒತ್ತಡ ಮತ್ತು ಉಷ್ಣತೆಯ ಸೆನ್ಸರುಗಳು ಇಸಿಯುಗೆ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ಸುದ್ದಿ ಕೊಡುತ್ತಿರುವುದರಿಂದ, ತೆಗೆದ ಕೂಡಲೇ ಎಚ್ಚರಿಕೆಯ ದೀಪ ಹತ್ತಿ ಎಂಜಿನ್ ತನ್ನ ಶಕ್ತಿಯನ್ನೇ ತಗ್ಗಿಸಿಕೊಳ್ಳಬಹುದು. ಡಿಪಿಎಫ್ ಪದೇಪದೇ ಕಟ್ಟಿಕೊಳ್ಳುತ್ತಿದ್ದರೆ ಆಗಾಗ ನೈಸ್ ರಸ್ತೆಯಂಥ ಖಾಲಿ ದಾರಿಯಲ್ಲಿ ಒಂದೇ ಸಮನೆ ಓಡಿಸಿ, ಮಸಿ ತಾನೇ ಸುಟ್ಟುಹೋಗಲು ಬಿಡಿ. ಬದಲಿಸುವುದಿದ್ದರೆ ಡಿಪಿಎಫ್‌ನ ಹಿಂದಿರುವ ಸೈಲೆನ್ಸರನ್ನು ಮಾತ್ರ ಬದಲಿಸಿ.

ಪ್ರಶ್ನೆ: ಹಳದಿ ಬೋರ್ಡಿನ ಪಿಕಪ್‌ಗೆ ಎಫ್‌ಸಿ (ಫಿಟ್ನೆಸ್ ಪ್ರಮಾಣಪತ್ರ) ಮಾಡಿಸಬೇಕಿದೆ. ಸೈಲೆನ್ಸರ್ ತೂತಿಗೆ ವೆಲ್ಡಿಂಗ್ ಹಾಕಿಸಿದರೆ ನಡೆಯುತ್ತದೆಯೇ?
— ಓದುಗರೊಬ್ಬರು, ಪೀಣ್ಯ

ಉತ್ತರ: ತೂತು ಕೊಳವೆಯಲ್ಲಿದ್ದು ಸುತ್ತಲಿನ ಲೋಹ ಗಟ್ಟಿಯಿದ್ದರೆ ತೇಪೆ ಹಾಕಿಸಬಹುದು. ಡಬ್ಬದಲ್ಲಿದ್ದರೆ ಬದಲಿಸುವುದೇ ಸರಿ, ಒಳಗಿನಿಂದ ಕೊಳೆತ ತಗಡು ವೆಲ್ಡಿಂಗಿನ ಪಕ್ಕದಲ್ಲೇ ಮತ್ತೆ ಬಾಯಿಬಿಡುತ್ತದೆ. ಡಬ್ಬದ ತಳದಲ್ಲಿ ಪೆನ್ಸಿಲ್ ಮೊನೆಯಷ್ಟು ಗುಂಡನೆಯ ಒಂದು ರಂಧ್ರ ಕಂಡರೆ ಅದು ನೀರು ಬಸಿಯಲು ತಯಾರಕರೇ ಬಿಟ್ಟದ್ದಾಗಿರಬಹುದು, ಅದನ್ನು ಮುಚ್ಚಿಸಬೇಡಿ. ನೀರಿನ ಜಿಐ ಪೈಪನ್ನು ತುಂಡರಿಸಿ ಕೂರಿಸಲು ಬಿಡಬೇಡಿ, ವೆಲ್ಡಿಂಗ್ ಮಾಡುವಾಗ ಅದರ ಸತುವಿನ ಹೊಗೆ ಕೆಲಸಗಾರರಿಗೆ ಜ್ವರ ತರುತ್ತದೆ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ಕೇಬಲ್ ಕಳಚಿಸಿ, ಇಲ್ಲವಾದರೆ ಇಸಿಯು ಸುಡುವ ಅಪಾಯವಿದೆ. ರಬ್ಬರ್ ಹ್ಯಾಂಗರುಗಳು ಸೀಳಿದ್ದರೆ ಅವನ್ನೂ ಆಗಲೇ ಬದಲಿಸಿ, ಮತ್ತು ಒಂದೆರಡು ವಾರ ಓಡಿಸಿದ ಮೇಲೆ ಕ್ಲಾಂಪುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.