ತೀರಿಹೋದ ಸಹೋದ್ಯೋಗಿಯೊಬ್ಬರ ಯಾವ ನೆನಪು ನಿಮ್ಮನ್ನು ಈಗಲೂ ನಗಿಸುತ್ತದೆ?

ನನ್ನ ಕೆಲಸ ಸ್ವಲ್ಪ ಬೇರೆ ಥರದ್ದು. ಹನ್ನೊಂದು ವರ್ಷ ನಾಟಕ ಕಂಪನಿಯಲ್ಲಿದ್ದೆ. ತಗಡಿನ ಥಿಯೇಟರ್ ಹಾಕಿಕೊಂಡು ಊರೂರು ಕ್ಯಾಂಪ್ ಮಾಡುತ್ತವಲ್ಲ, ಆ ಕಂಪನಿ. ಈಗ ಬಾಗಲಕೋಟೆಯ ನವನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನೆನಪಾಗಿದ್ದು ನಮ್ಮ ಪ್ರಾಂಪ್ಟರ್ ಕಾಕಾ.

ಪ್ರಾಂಪ್ಟರ್ ಅಂದರೆ ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ಕೂತು, ಪಾತ್ರಧಾರಿಗೆ ಮಾತು ಮರೆತರೆ ಮೆಲ್ಲಗೆ ಎತ್ತಿಕೊಡುವವರು. ಸುಮ್ನೆ ಓದುವ ಕೆಲಸ ಅಂದುಕೊಳ್ಳಬೇಡಿ. ಬೇಗ ಕೊಟ್ಟರೆ ನಟನಿಗೆ ಸಿಟ್ಟು, ತಡವಾದರೆ ಜನ ಸಿಳ್ಳೆ ಹಾಕುತ್ತಾರೆ. ಯಾರು ಎಲ್ಲಿ ಎಡವುತ್ತಾರೆ ಅನ್ನೋದು ಕಾಕಾಗೆ ಬಾಯಿಪಾಠ ಇತ್ತು. ಎರಡೇ ಪದ ಕೊಡುತ್ತಿದ್ದರು, ಮೂರನೆಯದು ಕೇಳಿದರೆ ಕಣ್ಣು ಬಿಡುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಆದರೂ ಬೀಡಿ ಒಂದು ಬಿಟ್ಟು ಉಳಿದಿದ್ದೆಲ್ಲ ಹಂಚಿಕೊಂಡ ಗೆಳೆಯ.

ಬನಶಂಕರಿ ಜಾತ್ರೆ ಗೊತ್ತಲ್ವಾ? ಬಾದಾಮಿಯಿಂದ ಸುಮಾರು 5 ಕಿಲೋಮೀಟರ್, ಚೊಳಚಗುಡ್ಡದ ಹತ್ತಿರ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಜಾತ್ರೆ ಇಳಿಯುವುದಿಲ್ಲ. ಹಲವು ಕಂಪನಿಗಳು ಒಂದರ ಪಕ್ಕ ಒಂದು ಟೆಂಟ್ ಹಾಕುತ್ತವೆ, ರಾತ್ರಿ ಪೂರ್ತಿ ಶೋ ಮೇಲೆ ಶೋ. ನಮ್ಮ ಕಡೆ ಅಳುವ ಸೀನ್ ನಡೆಯುವಾಗ ಪಕ್ಕದ ಟೆಂಟಿನ ಹಾಡು ಕೇಳಿಸುತ್ತಿರುತ್ತದೆ. ನಿದ್ದೆಗೆಟ್ಟ ನಟರಿಗೆ ಅಲ್ಲಿ ಪ್ರಾಂಪ್ಟರೇ ದೇವರು.

ನಾನು ಸೇರಿದ್ದು ಲೈಟ್ ಬಿಡುವ ಕೆಲಸಕ್ಕೆ. ಒಂದು ದಿನ ಪೋಸ್ಟ್‌ಮನ್ ಪಾತ್ರದ ಹುಡುಗನಿಗೆ ಜ್ವರ ಬಂತು, ನನಗೆ ಖಾಕಿ ಅಂಗಿ ತೊಡಿಸಿ ಸ್ಟೇಜಿಗೆ ನೂಕಿದರು. ಇದ್ದಿದ್ದು ಒಂದೇ ಮಾತು, "ಗೌಡ್ರ, ನಿಮಗ ತಾರ್ ಬಂದೈತ್ರಿ." ಎದುರಿಗೆ ಗೌಡನ ವೇಷದಲ್ಲಿ ಸ್ವತಃ ಮಾಲೀಕರು. ತುಂಬಿದ ಥಿಯೇಟರ್ ನೋಡಿ ನನ್ನ ತಲೆ ಖಾಲಿಯಾಯಿತು, ಮೇಲಿಂದ ಇಳಿಬಿಟ್ಟ ಮೈಕಿಗೆ ಮೂರು ಮಾರು ದೂರದಲ್ಲೇ ನಿಂತುಬಿಟ್ಟೆ. ಕಾಕಾ ವಿಂಗಿನಿಂದ ಪಿಸುಗುಟ್ಟಿದರು, "ಲೇ ಮಂಗ್ಯಾ, ಮೈಕಿನ ಮುಂದ ಬಾರಲೇ!" ನಾನು ಅದೇ ನನ್ನ ಮಾತು ಅಂದುಕೊಂಡು ಮಾಲೀಕರಿಗೆ ಕೈಮುಗಿದು, ಗಟ್ಟಿಯಾಗಿ, "ಲೇ ಮಂಗ್ಯಾ, ಮೈಕಿನ ಮುಂದ ಬಾರಲೇ!" ಅಂದೆ.

ಒಂದು ಕ್ಷಣ ಎಲ್ಲರೂ ಗಪ್. ಮಾಲೀಕರು ನಿಧಾನಕ್ಕೆ ಮೀಸೆ ತಿರುವಿ ಮೈಕಿನ ಹತ್ತಿರ ಬಂದು, "ಬಂದ್ನೆಪಾ, ಈಗ ಹೇಳು" ಅಂದರು. ಜನ ಬಿದ್ದು ಬಿದ್ದು ನಕ್ಕರು, ಒನ್ಸ್ ಮೋರ್ ಕೂಗಿದರು. ಶೋ ಮುಗಿದ ಮೇಲೆ ನನ್ನ ಕೆಲಸ ಹೋಯಿತು ಅಂತ ಪೆಟ್ಟಿಗೆ ಕಟ್ಟುತ್ತಾ ಕೂತಿದ್ದೆ. ಕಾಕಾ ಬಂದು, "ಬಿಚ್ಚು ಪೆಟ್ಟಿಗಿ, ನಾಳಿನಿಂದ ಆ ಮಾತು ನಾಟಕದಾಗ ಖಾಯಂ" ಅಂದರು. ಕೆಂಪು ಪೆನ್ಸಿಲಿನಲ್ಲಿ ಪುಸ್ತಕದಲ್ಲಿ ಬರೆದೂಬಿಟ್ಟಿದ್ದರು.

ಆ ಪುಸ್ತಕದ ಬಗ್ಗೆ ಹೇಳಲೇಬೇಕು. ಉದ್ದನೆಯ ಲೆಕ್ಕದ ಪುಸ್ತಕ, ಎಣ್ಣೆ ಹತ್ತಿ ಅಂಚೆಲ್ಲ ಹಳದಿ. ನೀಲಿ ಇಂಕಿನಲ್ಲಿ ನಾಟಕ, ಪಕ್ಕದಲ್ಲಿ ಕೆಂಪಿನಲ್ಲಿ ಕಾಕಾ ಟಿಪ್ಪಣಿ. "ಇಳಕಲ್ಲಿನಾಗ ಇಲ್ಲಿ ನಗತಾರ, ನಿಲ್ಲು." "ಜಮಖಂಡಿಯಾಗ ನಗಂಗಿಲ್ಲ, ಮುಂದ ಹೋಗು." "ಇಲ್ಲಿ ಮಗು ಅತ್ತರ ಎರಡು ಸಲ ಹೇಳು." ಒಂದೊಂದು ಊರಿನ ಜನ ಯಾವ ಮಾತಿಗೆ ನಗುತ್ತಾರೆ ಅಂತ ಇಷ್ಟು ಕಾಳಜಿಯಿಂದ ಬರೆದಿಟ್ಟವರನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ. ಡೈರೆಕ್ಟರ್ ಅಂತ ಕರೆಸಿಕೊಳ್ಳುವವರಿಗೂ ಇದು ಗೊತ್ತಿರಲಿಲ್ಲ, ನನ್ನ ಅಭಿಪ್ರಾಯ ಕೇಳಿದರೆ.

ಬೆಳಗಿನ ಜಾವ ಶೋ ಬಿಟ್ಟ ಮೇಲೆ ಒಂದಿಷ್ಟು ಮಲಗಿ ಎದ್ದು ಗುಡಿಯ ಹತ್ತಿರ ಹೋಗುತ್ತಿದ್ದೆವು. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಡಿಗೆ ಮೊಸರು ತರುವ ಅಜ್ಜಿಯರು ಇರುತ್ತಾರಲ್ಲ, ಅಲ್ಲಿ. ಕಾಕಾಗೆ ಶುಗರ್ ಇತ್ತು, ಊಟದಲ್ಲಿ ಪಥ್ಯ ಮಾಡುತ್ತಿದ್ದರು, ಚಹಾದಲ್ಲಿ ಮಾಡುತ್ತಿರಲಿಲ್ಲ. ಬೈದರೆ, "ಸಕ್ರಿ ನನ್ನ ಮೈಯಾಗೂ ಐತಿ, ಚಹಾದಾಗೂ ಇರಲಿ ಬಿಡಪಾ ತಮ್ಮಾ" ಅನ್ನುತ್ತಿದ್ದರು.

ಸಿಟ್ಟು, ನಗು ಬಿಟ್ಟು ಅವರನ್ನು ಬೇರೆ ಥರ ನೋಡಿದ್ದು ಒಮ್ಮೆ ಮಾತ್ರ. 2017ರ ಆಗಸ್ಟಿನಲ್ಲಿ ಹಿರಿಯ ರಂಗನಟ ಏಣಗಿ ಬಾಳಪ್ಪನವರು ತೀರಿಕೊಂಡ ಸುದ್ದಿ ಬಂತು. ನೂರು ದಾಟಿದ ಜೀವ. ಹುಡುಗನಾಗಿದ್ದಾಗ ಅವರ ಬಸವಣ್ಣನ ಪಾತ್ರ ನೋಡಿಯೇ ಕಾಕಾ ಮನೆ ಬಿಟ್ಟು ಕಂಪನಿ ಸೇರಿದ್ದಂತೆ. ಅವತ್ತು ರಾತ್ರಿ ಶೋ ಇತ್ತು. ಕಾಕಾ ಎಂದಿನಂತೆ ವಿಂಗಿನಲ್ಲಿ ಕೂತರು, ಒಂದು ಪುಟವನ್ನೂ ತಿರುವಲಿಲ್ಲ, ಆದರೆ ಒಬ್ಬರ ಮಾತೂ ತಪ್ಪಲು ಬಿಡಲಿಲ್ಲ.

ಕೊರೊನಾ ಬಂದಾಗ ಥಿಯೇಟರ್ ಬಿಚ್ಚಿದೆವು. ನಾನು ಮೊಬೈಲ್ ಕೆಲಸ ಕಲಿತೆ, ಅವರು ಊರು ಸೇರಿದರು. ಮರುವರ್ಷ ಮಲಗಿದಲ್ಲೇ ಹೋದರು. ಮಣ್ಣಿಗೆ ನಾವು ಕಂಪನಿಯವರು ನಾಲ್ಕೇ ಜನ ಇದ್ದೆವು.

ಪುಸ್ತಕವನ್ನು ಕಾಕಾ ಅವರ ಹೆಂಡತಿ, ನಮ್ಮ ಕಾಕೂ, ನನಗೇ ಕೊಟ್ಟರು. ಈಗ ಅವರ ಮೊಮ್ಮಗ ಕಾಲೇಜಿನ ಹುಡುಗರನ್ನು ಕಟ್ಟಿಕೊಂಡು ಆ ನಾಟಕ ಆಡಿಸುತ್ತೇನೆ ಅನ್ನುತ್ತಿದ್ದಾನೆ. ಮೂಲ ಕೊಡಲು ಮನಸ್ಸಾಗಲಿಲ್ಲ, ಜೆರಾಕ್ಸ್ ಮಾಡಿಸಿ ಕೊಟ್ಟೆ. ಜೆರಾಕ್ಸಿನಲ್ಲಿ ನೀಲಿಯೂ ಕಪ್ಪು, ಕೆಂಪೂ ಕಪ್ಪು. ಯಾವುದು ನಾಟಕದ ಮಾತು, ಯಾವುದು ಅಜ್ಜನ ಮಾತು ಅಂತ ತಿಳಿಯದೆ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಮೊನ್ನೆ ಕೇಳಿದ, "ಮಾಮಾ, ಪೋಸ್ಟ್‌ಮನ್ ಗೌಡಗ ಮಂಗ್ಯಾ ಅಂತಾನಲ್ರಿ, ಯಾಕ?"